ಬಲೆ ಹಾಸಿದ ಜಾಗ

ಜುಲೈ ೩೦, ಬುಧವಾರ, ಕುಮಟಾ

ಈ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗಿದ್ದೇ ತಪ್ಪಾಯ್ತು. ಎಲ್ಲರಿಗೂ ಕಾರು ನಿಲ್ಲಿಸೋ ಜಾಗ ಬೇಕು, ಇರೋದು ಅರ್ಧದಷ್ಟು ಮಾತ್ರ. ಕೆಳಗಿನ ಮನೆಯ ಈರಣ್ಣನಿಗೆ ಕಾರಿಲ್ಲ. ಮೀನುಗಾರಿಕೆ ಬಂದ್ ಇರುವ ಮಳೆಗಾಲದಲ್ಲಿ ತನ್ನ ಪಾಲಿನ ಜಾಗದಲ್ಲಿ ಬಲೆ ಹಾಸಿ ರಿಪೇರಿ ಮಾಡ್ತಾನೆ. ಇವತ್ತು ಅವನು ಊಟಕ್ಕೆ ಹೋದಾಗ ಬಲೆ ಬದಿಗೆ ಸರಿಸಿ, ಮೇಲಿನ ಮನೆಯ ಕಲ್ಪನಾ ಮೇಡಂ ಕಾರಿಗೆ ಅಲ್ಲಿ ಜಾಗ ಮಾಡಿಕೊಟ್ಟೆ. ಚಕ್ರ ಬಲೆಯ ಅಂಚಿನ ಮೇಲೆ ಹತ್ತಿತು.

ಬಲೆ ಹತ್ತಿರ ಬರುವಾಗ ಚಪ್ಪಲಿ ಕಳಚುವ ಮನುಷ್ಯ ಅವನು. ಜಗಳಕ್ಕೆ ಬಂದಿದ್ದರೆ ನಾನೂ ಬಾಯಿ ಮಾಡ್ತಿದ್ದೆ. ಊಟ ಮುಗಿಸಿ ಬಂದವನು ಬಲೆ ಮುಟ್ಟಿ ಕಣ್ಣಿಗೊತ್ತಿಕೊಂಡ, ಅಷ್ಟೇ.

"ಆತು ಮಾರಾಯ್ರೇ. ನಾಡಿದ್ದು ಮಗ ಇದನ್ನೇ ತಕಂಡು ಕಡಲಿಗೆ ಇಳೀಬೇಕು."

'ಬನ್ನಿ ಬನ್ನಿ, ಜಾಗ ಇದೆ' ಅಂತ ಕೈ ಬೀಸಿ ಕಾರನ್ನು ಹಿಂದಕ್ಕೆ ಕರೆದವನು ನಾನೇ. ಇನ್ನು ಆ ಹುಡುಗ ದಡ ಮುಟ್ಟುವವರೆಗೂ ಗಾಳಿ ಎದ್ದಾಗಲೆಲ್ಲ ನನಗೆ ಬಲೆ ಮೇಲೆ ಹತ್ತಿದ ಆ ಚಕ್ರವೇ ನೆನಪಾಗ್ತದೆ.