ಎದುರಾಳಿಯ ಬಾಯಲ್ಲಿ ನಮ್ಮ ಮಾತು

ಮುಂಗಾರು ತಿಂಗಳ ನಲವತ್ತೊಂದನೆಯ ದಿನ, ೨೩೮೬
ಹಿನ್ನೀರೂರು, ತುಂಗಭದ್ರೆಯ ದಂಡೆ

ನಮಗಿಂತ ಮೂರೂವರೆ ಶತಮಾನ ಹಿಂದಿರುವ ಹಿರಿಯರಿಗೆ ಮಾದೇವಿ ಹರಿಕಂತ್ರಳ ನಮಸ್ಕಾರಗಳು.

ದಿನಾಂಕ ನೋಡಿ ಗಾಬರಿಯಾಗಬೇಡಿ. ಮಳೆ ನಿಲ್ಲುವ ತನಕ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮೆ ಇರಲಿ. ನಿಮ್ಮ ಕಾಲದ ರಾಜಕೀಯ ಭಾಷಣಗಳ ಧ್ವನಿಮುದ್ರಣ ಕೇಳಿ ಕೇಳಿ ಸಾಧ್ಯವಾದಷ್ಟು ತಿದ್ದಿಕೊಂಡಿದ್ದೇನೆ. ನಿಮ್ಮ ಭಾಷಣಗಳೆಂದರೆ ನನಗೆ ಪ್ರಾಣ. ಕ್ರೇನಿನಿಂದ ಸೇಬಿನ ಹಾರ ಹಾಕಿಸಿಕೊಂಡು, ಬೆವರು ಒರೆಸುತ್ತಾ, ಒಂದೇ ಏರುದನಿಯಲ್ಲಿ ಅಷ್ಟು ಹೊತ್ತು ಗುಡುಗುವ ಗಂಟಲು ನಮ್ಮಲ್ಲಿ ಯಾರಿಗೂ ಇಲ್ಲ. ಒಂದೇ ಬೇಜಾರು: ಪೂರ್ತಿ ಕೇಳಿದ ಮೇಲೂ ಎದುರು ಪಕ್ಷದವನು ಹೇಳಿದ್ದಾದರೂ ಏನು ಎಂಬುದು ತಿಳಿಯುವುದಿಲ್ಲ.

ನಮ್ಮ ಸಭೆ ಸೇರುವುದು ಬಿಸಿಲುಹೆಂಚಿನ ಚಪ್ಪರದಡಿ. ಬಿಸಿಲನ್ನು ಕರೆಂಟು ಮಾಡುವ ಹೆಂಚು ಅದು. ಮೈಕು ಇಲ್ಲ, ಆದ್ದರಿಂದ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಮಜ್ಜಿಗೆಯ ಕೊಡ ಕೈಯಿಂದ ಕೈಗೆ ಸಾಗುತ್ತಿರುತ್ತದೆ. ತೀರ್ಮಾನದ ಹೊತ್ತಿಗೆ ಒಬ್ಬೊಬ್ಬರೂ ಒಂದೊಂದು ಹರಳು ತಂದು ಬೇಕು, ಬೇಡ ಎಂಬ ಎರಡರಲ್ಲೊಂದು ಮಡಕೆಗೆ ಹಾಕಬೇಕು. ಇದನ್ನು ಕಲ್ಲಿನ ಹಕ್ಕು ಎನ್ನುತ್ತೇವೆ, ನೀವು ಮತ ಎನ್ನುತ್ತಿದ್ದಿರಿ. ಇಲ್ಲಿ ಯಾರೂ ತಮ್ಮ ವಾದವನ್ನು ತಾವೇ ಮಂಡಿಸುವಂತಿಲ್ಲ. ನನ್ನ ವಾದವನ್ನು ನನ್ನ ಎದುರಾಳಿ ಹೇಳಬೇಕು, ಅವನದನ್ನು ನಾನು. ಇದಕ್ಕೆ ಬಾಯೆರವು ಎಂದು ಹೆಸರು. ಎದುರಾಳಿಯ ಮನೆಯಲ್ಲಿ ಕೂತು ಉಂಡು, ಅವನ ಮಾತನ್ನೆಲ್ಲ ಕೇಳಿಕೊಂಡ ಮೇಲೆಯೇ ಸಭೆಗೆ ಬರಬೇಕು. ಹೇಳಿದ್ದು ಸರಿಯಾಗಲಿಲ್ಲವೆಂದರೆ ವಾದದ ಒಡೆಯರು ಎದ್ದು ನಿಲ್ಲಬಹುದು. ಆಗ ಮತ್ತೆ ಮೊದಲಿನಿಂದ ಶುರು. ನೀರಿನ ಜಗಳಗಳ ಕಾಲದಲ್ಲಿ ಜನ ಯಾರ ಮಾತನ್ನೂ ನಂಬದಂತಾದಾಗ ಈ ಪದ್ಧತಿ ಬಂತಂತೆ. ಸುಲಭವಾಗಿ ಬಂದಿರಲಾರದು.

ಬಹಳ ವರ್ಷಗಳ ಹಿಂದೆ, ಕಡಲು ನಮ್ಮ ಕೇರಿಯನ್ನು ನುಂಗಿದ ಮೇಲೆ ನಾವು ಘಟ್ಟ ಹತ್ತಿ ಇಲ್ಲಿಗೆ ಬಂದೆವು. ಊರಿನವರು ದಂಡೆಯ ಮೇಲೆ ಗುಡಿಸಲು ಹಾಕಿಕೊಳ್ಳಲು ಬಿಟ್ಟರು, ಗಂಜಿಯನ್ನೂ ಕೊಟ್ಟರು. ಆದರೆ ಇಲ್ಲಿ ಉಳಿಯಬಹುದೋ ಇಲ್ಲವೋ ಎಂಬುದು ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ನಮ್ಮ ಪರವಾಗಿ ನಾನು. ಬೇಡವೆನ್ನುವವರ ಪರವಾಗಿ ಕೊಟ್ರಗೌಡರು, ಈ ಸೀಮೆಗೇ ಹೆಸರಾದ ಮಾತುಗಾರರು. ನಮ್ಮ ಗತಿ ಅವರ ನಾಲಿಗೆಯ ಮೇಲಿತ್ತು. ಅವರು ನಮ್ಮ ಗುಡಿಸಲಿಗೆ ಬಂದರು. ಒಣಮೀನಿನ ವಾಸನೆಗೆ ಮುಖ ಹಿಂಡಿದರೂ ಎದ್ದು ಹೋಗಲಿಲ್ಲ. ಬರೀ ಅನ್ನ, ಮಜ್ಜಿಗೆ ಉಂಡು, ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಮಗೆ ಬೇಕಾದದ್ದು ಮೂರು: ನೀರು, ನೆಲ, ಕಲ್ಲಿನ ಹಕ್ಕು.

ಸಭೆಯಲ್ಲಿ ಗೌಡರು ಎದ್ದು ನಿಂತು, ದನಿ ಏರಿಸದೆ, ನಮ್ಮ ಮನೆಗಳ ಒಳಗೆ ಉಪ್ಪುನೀರು ಬಂದ ದಿನವನ್ನು ವರ್ಣಿಸಿದರು. ನಾನು ಅವರಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಜ್ಜಿಗೆಯ ಕೊಡ ನಡುವೆಯೇ ನಿಂತುಬಿಟ್ಟಿತು. ನೀರು ಕೊಡಿ, ನೆಲ ಕೊಡಿ ಎಂದು ಕೈಮುಗಿದು ಅವರು ಕೂತಾಗ ಚಪ್ಪರದಡಿ ಒಬ್ಬರಾದರೂ ನಮ್ಮ ವಿರುದ್ಧ ಇದ್ದಂತೆ ಕಾಣಲಿಲ್ಲ. ಕಲ್ಲಿನ ಹಕ್ಕಿನ ಸುದ್ದಿಯನ್ನೇ ಅವರು ಎತ್ತಿರಲಿಲ್ಲ.

ನಾನು ಎದ್ದು ನಿಂತೆ. ನನ್ನ ನಾದಿನಿ ಸೆರಗು ಹಿಡಿದು ಜಗ್ಗಿ, “ಕೂತ್ಕಳೇ ಮಾರಾಯ್ತಿ, ಗೆದ್ದಾಯ್ತಲ್ಲ” ಎಂದಳು. ಆದರೆ ಈ ಕಣ್ಣೀರು ಬೇಸಿಗೆಯ ತನಕ ಉಳಿಯುವಂಥದ್ದಲ್ಲ. ಮುಂದೆ ನೀರು ಕಮ್ಮಿಯಾದಾಗ ನಮ್ಮ ಪಾಲಿನ ಬಗ್ಗೆ ಮಾತಾಡಲು ನಾವು ಈ ಚಪ್ಪರದಡಿ ಇರಬೇಕಲ್ಲ. ಮೂರನೆಯದು ಬಿಟ್ಟುಹೋಗಿದೆ ಎಂದೆ. ಗೌಡರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಅದನ್ನ ಹೇಳಿದ್ರೆ ನೀವು ಸೋಲ್ತೀರವ್ವಾ. ಅದಕ್ಕೇ ಬಿಟ್ಟೀನಿ” ಎಂದರು. ಆಗ ನನಗೆ ಅರ್ಥವಾಯಿತು. ನಮ್ಮನ್ನು ಸೋಲಿಸಬೇಕಾದ ಮನುಷ್ಯ ನಮ್ಮ ಮಾತು ಆಡುತ್ತಾ ಆಡುತ್ತಾ ನಮ್ಮನ್ನು ಗೆಲ್ಲಿಸುವ ಹಟಕ್ಕೆ ಬಿದ್ದಿದ್ದರು. ನಗು ಬಂತು, ಜೊತೆಗೆ ಅವರ ಮೇಲೆ ತುಂಬಾ ಪ್ರೀತಿಯೂ ಬಂತು. ಆದರೂ ಕೂರಲಿಲ್ಲ.

ಅವರು ಮೊದಲಿನಿಂದ ಶುರು ಮಾಡಿದರು. ಈ ಸಲ ಕಡಲಿನ ವರ್ಣನೆ ಕಮ್ಮಿ. ಇವರು ಬಂದದ್ದು ಬೇಡುವುದಕ್ಕಲ್ಲ, ನಮ್ಮ ಪಕ್ಕದಲ್ಲಿ ಕೂತು ತೀರ್ಮಾನ ಮಾಡುವುದಕ್ಕೆ ಎಂದು ನೇರವಾಗಿ ಹೇಳಿದರು. ಒದ್ದೆಯಾಗಿದ್ದ ಕಣ್ಣುಗಳು ಒಂದೊಂದಾಗಿ ಒಣಗಿದ್ದನ್ನು ನಾನು ನೋಡಿದೆ.

ಆಮೇಲೆ ನನ್ನ ಸರದಿ. ಗೌಡರ ಮನೆಯಲ್ಲಿ ಉಂಡ ದಿನ ಅವರು ಹೇಳಿದ್ದನ್ನು ಹೇಳಿದೆ: ಅಣೆಕಟ್ಟು ಕಟ್ಟಿದಾಗ ಈ ಜನರ ಹಿರಿಯರ ಊರುಗಳು ಮುಳುಗಿದವು, ಆಗ ಅವರನ್ನು ಯಾರೂ ಕೇಳಲಿಲ್ಲ, ಅಂದಿನಿಂದ ತಮ್ಮ ನೀರಿನ ಬಗ್ಗೆ ಬೇರೆಯವರು ತೀರ್ಮಾನ ಮಾಡುತ್ತಾರೆಂದರೆ ಇವರ ಎದೆ ನಡುಗುತ್ತದೆ. ಹೇಳುತ್ತಾ ಹೋದಂತೆ ನನ್ನ ದನಿಯೇ ನಡುಗಿತು. ಅದು ನಟನೆಯಾಗಿರಲಿಲ್ಲ. ಗೌಡರು ತಲೆಯಾಡಿಸಿ ಒಪ್ಪಿದರು. ಮುಳುಗಿದ ಊರಿನವರು ಎರಡೂ ಕಡೆ ಇದ್ದಾರೆಂದು ಸಭೆಗೆ ತಿಳಿದದ್ದು ಆಗಲೇ ಇರಬೇಕು. ಮಡಕೆಗಳನ್ನು ಬೋರಲು ಹಾಕಿದಾಗ ನಾವು ಕೂದಲೆಳೆಯಲ್ಲಿ ಗೆದ್ದಿದ್ದೆವು, ಮೂರನ್ನೂ. ಗೌಡರು ತಮ್ಮ ಹರಳನ್ನು ಎಲ್ಲರ ಕಣ್ಣೆದುರು ಬೇಡದ ಮಡಕೆಗೇ ಹಾಕಿದ್ದರು.

ಹಿರಿಯರೇ, ಚೆನ್ನಾಗಿ ಮಾತಾಡುವುದನ್ನು ದಯವಿಟ್ಟು ಬಿಡಬೇಡಿ. ನಿಮ್ಮ ಗಂಟಲು ನಮಗೂ ಬರಲಿ. ಆದರೆ ವೇದಿಕೆ ಹತ್ತುವ ಮುಂಚೆ ಒಮ್ಮೆ ಎದುರಾಳಿಯ ಮನೆಯಲ್ಲಿ ಉಣ್ಣಿ. ಅವನ ಮಾತನ್ನು ಅವನೇ ತಲೆಯಾಡಿಸುವ ಹಾಗೆ ಹೇಳಲು ಬರುತ್ತದೆಯೇ ನೋಡಿಕೊಳ್ಳಿ.

ಇನ್ನು ಹೊರಡಬೇಕು, ಸಭೆಯ ಕರೆ ಬಂದಿದೆ. ಕೊಟ್ರಗೌಡರಿಗೆ ಈಗ ವಯಸ್ಸಾಗಿದೆ, ಹಟ ಮಾತ್ರ ಹಾಗೇ ಇದೆ. ನಮ್ಮ ದೋಣಿಗಳಿಗೆ ಹಿನ್ನೀರಿನಲ್ಲಿ ಮಿತಿ ಹಾಕಬೇಕಂತೆ. ಶುದ್ಧ ತಪ್ಪು. ಇವತ್ತು ಅವರ ವಾದ ಹೇಳುವವಳು ನಾನು, ಅವರನ್ನು ಗೆಲ್ಲಿಸದೆ ಮನೆಗೆ ಬರುವವಳಲ್ಲ.