ಇಪ್ಪತ್ತೊಂಬತ್ತು ಒಂದುಗಳ ಸಂಖ್ಯೆ

ಯಾದಗಿರಿ
ಸೋಮವಾರ

ತೀರ್ಥರೂಪರಾದ ಅಪ್ಪಾಜಿಯವರಿಗೆ ಭುವನೇಶ್ವರಿಯ ನಮಸ್ಕಾರಗಳು.

ಬಲಗೈ ಜೋಮು ಕಡಿಮೆಯಾಗಿದೆಯೇ? ಮಾತ್ರೆ ಬಿಡಬೇಡಿ.

ಲಕ್ವ ಹೊಡೆದ ಮೇಲೆ ಸುರಪುರದ ಜನ "ಗಣಿತ ಮಾಸ್ತರ್ ಲೆಕ್ಕ ಮರತಾರ" ಎಂದದ್ದು ನಿಮ್ಮನ್ನು ಎಷ್ಟು ಚುಚ್ಚಿತೆಂದು ಗೊತ್ತು. ಅದಕ್ಕೇ ಇಪ್ಪತ್ತೊಂಬತ್ತು ಒಂದುಗಳನ್ನು ಸಾಲಾಗಿ ಬರೆದ ಸಂಖ್ಯೆಯನ್ನು ಎಡಗೈಯಲ್ಲೇ ಭಾಗಿಸುತ್ತ ಹೋಗಿ ಅವಿಭಾಜ್ಯವೆಂದು ತೀರ್ಮಾನಿಸಿದಿರಿ. ಶಾಲೆಯ ಗೋಡೆಗೆಂದು ಕಲ್ಲಿನಲ್ಲಿ ಕೆತ್ತಲೂ ಕೊಟ್ಟಿರಿ. "ನನ್ನ ತಲಿ ಇನ್ನಾ ಚಲೋ ಐತಿ, ಈ ಕಲ್ಲ ಹೇಳ್ತೈತಿ" ಎಂದಿರಿ.

ನನ್ನ ಕಾಲೇಜಿನ ಹುಡುಗಿಯರಿಗೆ ತೋರಿಸೋಣವೆಂದು ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದೆ. ಮೂರು ಸಾವಿರದ ನೂರ ತೊಂಬತ್ತೊಂದರಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಕೈಯಿಂದಲೂ ಮಾಡಿ ನೋಡಿದೆ, ಅಪ್ಪಾಜಿ.

ನೀವು ಮೂರು ಸಾವಿರದವರೆಗಿನ ಸಂಖ್ಯೆಗಳಿಂದ ಭಾಗಿಸಿ ನಿಲ್ಲಿಸಿದ್ದಿರಿ. ಅಲ್ಲಿಯವರೆಗೆ ನಿಮ್ಮ ಒಂದು ಭಾಗಾಕಾರವೂ ತಪ್ಪಿಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ.

ಶಹಾಪುರದಲ್ಲಿ ಕಲ್ಲು ಕೆತ್ತುತ್ತಿರುವ ಪರಮಣ್ಣನಿಗೆ ಕೆಲಸ ತಡೆಯಲು ಹೇಳಿದ್ದೇನೆ. "ಯಾಕ್ರಿ ಅಕ್ಕಾರ, ಆಗಲೇ ಇಪ್ಪತ್ತೆರಡು ಒಂದು ಕೆತ್ತೇನಲ್ರಿ" ಎಂದ. ನಾನು ಕಾರಣ ಹೇಳಲಿಲ್ಲ. ಇಪ್ಪತ್ತಮೂರು ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಹಿಂದೆಯೇ ಸಾಬೀತಾಗಿದೆ. ಇನ್ನೊಂದು ಒಂದನ್ನು ಕೆತ್ತಿಸಿ ನಿಲ್ಲಿಸಬಹುದು. ಬೇಡವೆಂದರೆ ಕಲ್ಲನ್ನು ನನ್ನ ಮನೆಗೆ ತರಿಸಿಕೊಳ್ಳುತ್ತೇನೆ. ಯಾವುದೆಂದು ನೀವೇ ಅವನಿಗೆ ಹೇಳಿ.

ಅವ್ವನಿಗೆ ತಿಳಿಸಿಲ್ಲ. ಫೋನಿನಲ್ಲಿ ಹೇಳಿದ್ದರೆ ನೀವು ಸುಮ್ಮನಾಗುವುದನ್ನು ನಾನು ಕೇಳಬೇಕಾಗುತ್ತಿತ್ತು. ಅದಕ್ಕೇ ಬರೆದೆ.

ನಿಮ್ಮ ಮಗಳು
ಭುವನೇಶ್ವರಿ