ಕೊಡೆಗೆ ಹೆಸರು ಬರೆಯುವ ಶನಿವಾರ

ಬಾಳೆಹೊನ್ನೂರು
೧೨ ಜೂನ್ ೨೦೨೪, ಬುಧವಾರ

ಪ್ರೀತಿಯ ಗಂಗಾ,

ನೀನು, ಶಿವಾನಿ, ಮೊಮ್ಮಗಳು ಮೂವರೂ ಕ್ಷೇಮವೇ? ಮಗುವಿನ ಹೊಟ್ಟೆನೋವು ಕಡಿಮೆಯಾಯಿತೇ? ಬಾಣಂತಿಯನ್ನು ಗಾಳಿಗೆ ಕೂರಿಸಬೇಡ ಎಂದು ನಾನು ನಿನಗೆ ಹೇಳಿಕೊಡುವುದು ತಮಾಷೆಯೇ ಸರಿ, ಆದರೂ ಹೇಳಿದ್ದೇನೆ. ನಿನ್ನ ಮಂಡಿನೋವಿನ ಎಣ್ಣೆ ಇಲ್ಲೇ ಗೂಡಿನಲ್ಲಿ ಉಳಿದುಬಿಟ್ಟಿದೆ. ದಾವಣಗೆರೆಯಲ್ಲಿ ಸಿಕ್ಕೇ ಸಿಗುತ್ತದೆ, ತರಿಸಿಕೋ, ಜಿಪುಣತನ ಮಾಡಬೇಡ. ಫೋನ್ ಇರುವಾಗ ಕಾಗದ ಏಕೆ ಎಂದು ಅಳಿಯಂದಿರು ನಗಬಹುದು. ಫೋನ್ ಮಾಡಿದರೆ ನಾನು ಎರಡು ಮಾತು ಆಡುವುದರೊಳಗೆ ಮಗು ಅಳುತ್ತದೆ, ನೀನು 'ಆಮೇಲೆ ಮಾಡ್ರಿ' ಎಂದು ಇಟ್ಟುಬಿಡುತ್ತೀ. ಈ ವಿಷಯ ಎರಡು ಮಾತಿಗೆ ಮುಗಿಯುವುದಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ. ನಿವೃತ್ತನಾಗಿ ಹನ್ನೆರಡು ದಿನವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿಬಿಡುತ್ತೇನೆ, ಹೋಗುವುದೆಲ್ಲಿಗೆ? ಬಸ್‌ಸ್ಟ್ಯಾಂಡಿಗೆ ಹೋಗಿ ಪೇಪರ್ ಕೊಳ್ಳುತ್ತೇನೆ, ಶೃಂಗೇರಿ ಬಸ್ಸು ಹೋಯಿತು, ಕೊಪ್ಪದ ಬಸ್ಸು ಹೋಯಿತು ಎಂದು ನೋಡುತ್ತ ನಿಲ್ಲುತ್ತೇನೆ, ಮನೆಗೆ ಬಂದ ಮೇಲೆ ಪೇಪರನ್ನು ಅಲ್ಲೇ ಬಿಟ್ಟದ್ದು ನೆನಪಾಗಿ ಮತ್ತೆ ಹೋಗುತ್ತೇನೆ. ನಿನ್ನೆ ಪಕ್ಕದ ಮನೆ ಹೊನ್ನಕ್ಕ, 'ಮೇಷ್ಟ್ರೇ, ಒಂಚೂರು ಕೂತ್ಕಳಿ ಮಾರಾಯ್ರೇ, ನಿಮ್ಮನ್ನ ನೋಡಿ ನಂಗೆ ಕಾಲು ನೋವು ಬಂತು' ಎಂದಳು. ಕೂತರೆ ಶನಿವಾರ ನೆನಪಾಗುತ್ತದೆ, ಅದಕ್ಕೇ ಕೂರುವುದಿಲ್ಲ.

ಈ ಶನಿವಾರ ನಮ್ಮ ಶಾಲೆಯಲ್ಲಿ ಕೊಡೆಗೆ ಹೆಸರು ಬರೆಯುವ ದಿನ. ನನ್ನ ಕುರ್ಚಿಗೆ ಈಗ ಅರ್ಪಣಾ ಮೇಡಂ ಬಂದಿದ್ದಾರೆ, ಒಳ್ಳೆಯ ಹೆಣ್ಣುಮಗಳು. 'ಸರ್, ನೀವಿಲ್ದೆ ಅದು ಆಗಲ್ಲ, ಬ್ರಷ್ಷು ಹಿಡಿಯೋಕೆ ನಮಗ್ಯಾರಿಗೂ ಧೈರ್ಯ ಇಲ್ಲ' ಎಂದು ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ನೋಡೋಣ ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸದವನು ನೋಡೋಣ ಎಂದೆ ನೋಡು.

ಅದು ಶುರುವಾದದ್ದು ನಿನಗೆ ನೆನಪಿರಬೇಕು. ಮೊದಲ ಮಳೆಗಾಲ, ಗೋಡೆಗೆ ಒರಗಿಸಿದ ನಲವತ್ತು ಕರಿ ಕೊಡೆ, ಶಾಲೆ ಬಿಡುವ ಗಂಟೆ ಹೊಡೆದೊಡನೆ ಯಾರದ್ದೋ ಯಾರ ಕೈಗೋ. ಮರುದಿನ ಶಾಲೆಗೆ ಬಂದು ಜಗಳವಾಡುತ್ತಿದ್ದವರು ತಾಯಂದಿರು. ಬೇಸತ್ತು ಕೊಪ್ಪದಿಂದ ಬಿಳಿ ಪೇಂಟು, ಸಣ್ಣ ಬ್ರಷ್ಷು ತಂದು ಬರೆಯಲು ಕೂತೆ. ಹೆಸರು, ತರಗತಿ, ಪಕ್ಕದಲ್ಲಿ ಮಗು ಕೇಳಿದ್ದೊಂದು ಚಿತ್ರ. ಆ ಚಿತ್ರದಿಂದಲೇ ಅದು ಹಬ್ಬವಾದದ್ದು. ಬಸವೇಶ ಆನೆ ಕೇಳಿದ, ಜಾಗ ಸಾಲದೆ ಸೊಂಡಿಲು ಮುಂದಿನ ಪಟ್ಟಿಗೆ ಹೋಯಿತು. ಕಾಂತೇಶ ಜಯಪುರದ ಬಸ್ಸು ಕೇಳಿದ, ಬರೆದುಕೊಟ್ಟರೆ ಕಂಡಕ್ಟರ್ ಎಲ್ಲಿ ಎಂದ. ಬರೆದ ಕೊಡೆಗಳನ್ನೆಲ್ಲ ಬಿಚ್ಚಿ ಜಗಲಿಯ ಉದ್ದಕ್ಕೂ ಒಣಗಲು ಇಟ್ಟರೆ ಮಕ್ಕಳು ತುದಿಗಾಲಲ್ಲಿ ಓಡಾಡುತ್ತಿದ್ದವು, ಹನ್ನೊಂದರವರೆಗೆ ಮಳೆ ಹಿಡಿಯದಿರಲಿ ಎಂದು ಎಲ್ಲರ ಕಣ್ಣೂ ಆಕಾಶದ ಮೇಲೆ. ಬ್ರಷ್ಷು ಒರೆಸಲು ನೀನು ಹಳೆಯ ಸೀರೆ ಹರಿದು ಕೊಡುತ್ತಿದ್ದೆ, ಸಂಜೆ ನನ್ನ ಅಂಗಿಗೆ ಸೀಮೆಎಣ್ಣೆ ಹಚ್ಚಿ ತಿಕ್ಕುತ್ತ, 'ಮಕ್ಕಳಿಗಿಂತ ಕಡೆ' ಎಂದು ಬೈಯುತ್ತಿದ್ದೆ. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ಸುಖದ ದಿನ ಇನ್ನೊಂದಿಲ್ಲ.

ಹಾಗಿದ್ದರೆ ಹೋಗಲು ಏನು ಅಡ್ಡಿ ಎನ್ನುತ್ತೀ. ಅಫ್ಸಾನಾ ವಾಪಸು ಬಂದಿದ್ದಾಳೆ.

ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆ ರಿಪೇರಿ ಮಾಡುತ್ತಿದ್ದ ಗುಲಾಮ್ ಹುಸೇನ್ ಸಾಬರ ಮಗಳು. ಇಪ್ಪತ್ತೊಂದು ವರ್ಷದ ಹಿಂದೆ ಮೂರನೇ ತರಗತಿಯಲ್ಲಿದ್ದಳು. ಅವರ ಮನೆ ತುಂಬ ಕೊಡೆ, ಎಲ್ಲವೂ ಗಿರಾಕಿಗಳದ್ದು. ಮಗಳು ಮಾತ್ರ ಪ್ಲಾಸ್ಟಿಕ್ ಹೊದ್ದು ಶಾಲೆಗೆ ಬರುತ್ತಿದ್ದಳು. ಆ ವರ್ಷದ ಶನಿವಾರ ಸಾಲಿನ ಕೊನೆಯಲ್ಲಿ ನಿಂತು, ತನಗಿಂತ ದೊಡ್ಡದೊಂದು ಕೊಡೆ ಬಿಚ್ಚಿ ಹಿಡಿದಳು. ಬೆತ್ತದ ಕಾವು, ದೊಡ್ಡವರ ಕೊಡೆ. ನನಗೆ ಅನುಮಾನ ಬಂತು ಗಂಗಾ, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಮುಖದ ಖುಷಿ ನೋಡಿ ಕೇಳಲು ಬಾಯಿ ಬರಲಿಲ್ಲ. ಅವಳ ಹೆಸರು, ತರಗತಿ ಬರೆದು ಗಿಳಿಯೊಂದನ್ನು ಬಿಡಿಸಿದೆ. ಆ ಪೇಂಟು ಒಣಗಿದ ಮೇಲೆ ಕೊಡೆಯ ಬಟ್ಟೆಯಿಂದ ಹೋಗುವಂಥದ್ದಲ್ಲ.

ಸೋಮವಾರ ಸಂಜೆ ಕೊಡೆಯ ಯಜಮಾನ ಬಂದ. 'ಗಿರಾಕಿ ಕೊಡೆನ ಮಗಳ ಹೆಸರಿಗೆ ಮಾಡ್ಕಂಡಿದೀಯಲ್ಲೋ' ಎಂದು ಬಸ್‌ಸ್ಟ್ಯಾಂಡಿನ ಜನವನ್ನೆಲ್ಲ ಸೇರಿಸಿ ಕೂಗಾಡಿದ. 'ಮಗು ಗೊತ್ತಾಗ್ದೆ ತಗಂಡು ಹೋಗಿದೆ ಸ್ವಾಮಿ, ಹೊಸ ಬಟ್ಟೆ ಹಾಕಿ ಕೊಡ್ತೀನಿ' ಎಂದು ಸಾಬರು ಕೈ ಮುಗಿದರು. ಆಮೇಲೆ ಆ ಮಳೆಗಾಲ ಅವರಿಗೆ ಯಾರೂ ಕೊಡೆ ಕೊಡಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಮಗಳ ಟಿ.ಸಿ. ತೆಗೆದುಕೊಂಡು ಸಂಸಾರ ಸಮೇತ ನರಸಿಂಹರಾಜಪುರಕ್ಕೆ ಹೋದರು.

ಇಷ್ಟು ನಿನಗೂ ಗೊತ್ತು. ಗೊತ್ತಿಲ್ಲದ್ದನ್ನು ಈಗ ಬರೆಯುತ್ತಿದ್ದೇನೆ. ಆ ಸಂಜೆ ನಾನು ಅಲ್ಲೇ ಇದ್ದೆ. ಕೊಪ್ಪದ ಬಸ್ಸಿನಿಂದ ಇಳಿದು ಜನರ ಹಿಂದೆ ನಿಂತಿದ್ದೆ. 'ಬರೆದವನು ನಾನು, ಕೇಳದೆ ಬರೆದೆ' ಎಂದಿದ್ದರೆ ಸಾಕಿತ್ತು. ಕೂಗಾಡುತ್ತಿದ್ದವನು ಶಾಲೆಗೆ ಬೆಂಚು ಮಾಡಿಸಿಕೊಟ್ಟವನು, ನಮಗೆ ಈ ಮನೆ ಹುಡುಕಿಕೊಟ್ಟವನು. ಅವನ ಎದುರು ನನ್ನ ಬಾಯಿ ಕಟ್ಟಿಹೋಯಿತು. ಮೆಲ್ಲಗೆ ಹಿಂದೆ ಸರಿದು ಮನೆಗೆ ಬಂದೆ. 'ಯಾಕ್ರಿ ಮುಖ ಹಂಗಾಗಿದೆ' ಎಂದು ನೀನು ಕೇಳಿದಾಗ ಬಸ್ಸಿನಲ್ಲಿ ತಲೆ ತಿರುಗಿತು ಎಂದೆ. ನೀನು ನಿಂಬೆ ಶರಬತ್ತು ಮಾಡಿ ಕೊಟ್ಟೆ. ಅದನ್ನು ಕುಡಿದೆ ಕೂಡ.

ಅಪ್ಪನ ಅಂಗಿ ಹಿಡಿದು ನಿಂತಿದ್ದ ಆ ಮಗು ಜನರ ನಡುವೆ ನನ್ನನ್ನು ನೋಡಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳ ಗಂಡ ರಫೀಕ್ ಈಗ ಇಲ್ಲಿ ಮೊಬೈಲ್ ಅಂಗಡಿ ಹಾಕಿದ್ದಾನೆ. ಮೊನ್ನೆ ಭಾನುವಾರ ಅಫ್ಸಾನಾ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿ, 'ಸರ್, ಮಗಳನ್ನ ಒಂದನೇ ಕ್ಲಾಸಿಗೆ ಹಾಕಿದೀನಿ. ಅವಳ ಕೊಡೆಗೆ ನೀವೇ ಬರೀಬೇಕು' ಎಂದಳು. ನಗುತ್ತಲೇ ಹೇಳಿದಳು. ಮರೆತು ನಕ್ಕಳೋ, ನೆನಪಿಟ್ಟುಕೊಂಡೇ ನಕ್ಕಳೋ ಎಂದು ನಾಲ್ಕು ದಿನದಿಂದ ಮನೆಯ ತುಂಬ ತಿರುಗುತ್ತಿದ್ದೇನೆ. ಹೋದರೆ ಅವಳ ಮುಂದೆ ಬಾಯಿ ಬಿಡಬೇಕು, ಹೋಗದಿದ್ದರೆ ಎರಡನೇ ಸಲ ಹಿಂದಿನಿಂದ ಸರಿದಂತೆ. ನೀನು ಇದ್ದಿದ್ದರೆ ಬೈದಾದರೂ ಕಳಿಸುತ್ತಿದ್ದೆ.

ಶಿವಾನಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಮಗುವಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನನ್ನ ಊಟದ ಚಿಂತೆ ಬೇಡ, ಹೊನ್ನಕ್ಕ ಸಾರು ಕೊಡುತ್ತಾಳೆ, ಅನ್ನ ಮಾಡಿಕೊಳ್ಳಲು ಕಲಿತಿದ್ದೇನೆ.

ನಿನ್ನ
ಮರುಳಸಿದ್ದಪ್ಪ

ತಾ.ಕ.: ಕಾಗದ ಡಬ್ಬಿಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಶನಿವಾರ, ಮಧ್ಯಾಹ್ನ. ಹೋಗಿ ಬಂದೆ. ಅಫ್ಸಾನಾ ಮಗಳ ಜೊತೆ ಬಂದಿದ್ದಳು, ಮಗುವಿಗೆ ಮುಮ್ತಾಜ್ ಎಂದು ಅಜ್ಜಿಯ ಹೆಸರು. ಆ ವರ್ಷದ ನಂತರ ನಾನು 'ಇದು ನಿಂದೇನಾ' ಎಂದು ಕೇಳದೆ ಒಂದು ಕೊಡೆಯನ್ನೂ ಮುಟ್ಟಿದವನಲ್ಲ. ಆ ಚಾಳಿಯಿಂದ ಮಗುವನ್ನೂ ಕೇಳಿಬಿಟ್ಟೆ. ಕೇಳಿದ ಮೇಲೆ, ಯಾರ ಮಗಳನ್ನು ಕೇಳಿದೆ ಎಂದು ಹೊಳೆಯಿತು. ತಾಯಿಯೇ ಉತ್ತರ ಕೊಟ್ಟಳು, 'ಈ ಸಲ ನಮ್ದೇ ಸರ್.' ನಾನು ಬ್ರಷ್ಷು ಕೆಳಗಿಟ್ಟು, 'ಅವತ್ತು ಬಸ್‌ಸ್ಟ್ಯಾಂಡಲ್ಲಿ ನಾನೂ ಇದ್ದೆ ಕಣಮ್ಮ' ಎಂದೆ. 'ಗೊತ್ತು ಸರ್, ನೋಡಿದ್ದೆ. ಅಬ್ಬಾಗೆ ಹೇಳ್ಲಿಲ್ಲ. ಮೇಷ್ಟ್ರು ಅಲ್ಲಿದ್ದಿದ್ರೆ ನಮ್ಮ ಪರ ಒಂದು ಮಾತು ಆಡ್ತಿದ್ರು ಅಂತ ಅವ್ರು ಇವತ್ತಿಗೂ ಹೇಳ್ತಾರೆ' ಎಂದಳು. ಮಗುವಿನ ಹೆಸರು ಬರೆದೆ, ಅಕ್ಷರ ನೆಟ್ಟಗೆ ಬರಲಿಲ್ಲ. ಸಾಬರ ಮನೆ ಎಲ್ಲಿ ಎಂದು ಕೇಳಿ ವಿಳಾಸ ಬರೆಸಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೊರಟಿದ್ದೇನೆ.